ಉಪ್ಪು ಗದ್ದೆಗೆ ಸೂಕ್ಷ್ಮಜೀವಿಗಳ ಆಸರೆ: ಬಾಟಲಿಯಲ್ಲಿ ಬರುವ ಭರವಸೆ ಎಷ್ಟು ನಿಜ?

ಕರಾವಳಿಯ ಜನರಿಗೆ ಸಮುದ್ರ ಅನ್ನ ಕೊಡುವ ತಾಯಿಯೂ ಹೌದು, ಅನ್ನದ ಗದ್ದೆಗೆ ನುಗ್ಗುವ ಶತ್ರುವೂ ಹೌದು. ಹೊಳೆಬಾಯಿಯ ಹತ್ತಿರದ ಊರುಗಳಲ್ಲಿ ಬೇಸಿಗೆ ಬಂತೆಂದರೆ ಬಾವಿಯ ನೀರಿಗೆ ಉಪ್ಪಿನ ರುಚಿ ಬರುತ್ತದೆ. ಉಬ್ಬರದ ಹೊತ್ತಿನಲ್ಲಿ ಉಪ್ಪು ನೀರು ಹೊಳೆಯ ಉದ್ದಕ್ಕೂ ಮೇಲೇರಿ, ತಗ್ಗಿನ ಬೈಲು ಗದ್ದೆಗಳ ಅಂಚನ್ನು ಮುಟ್ಟುತ್ತದೆ. ಒಂದು ಕಡೆ ಕಟ್ಟೆ ಒಡೆದರೆ ಸಾಕು, ಇಡೀ ಬೈಲಿನ ಬೆಳೆ ಹೋದಂತೆಯೇ. ಇಂತಹ ಗದ್ದೆಗಳು ಒಂದೊಂದಾಗಿ ಹಡಿಲು ಬೀಳುತ್ತಿರುವುದನ್ನು ನಾವೆಲ್ಲರೂ ಕಣ್ಣಾರೆ ಕಾಣುತ್ತಿದ್ದೇವೆ.

ಈ ಸಮಸ್ಯೆ ನಮ್ಮದು ಮಾತ್ರವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 138 ಕೋಟಿ ಹೆಕ್ಟೇರ್ ಭೂಮಿ ಉಪ್ಪಿನ ಬಾಧೆಗೆ ಒಳಗಾಗಿದೆ. ಇದು ಭೂಮಿಯ ಒಟ್ಟು ನೆಲದ ಶೇ. 10.7 ಭಾಗ. ಭಾರತದಲ್ಲಿ ಇಂತಹ ಭೂಮಿ ಸುಮಾರು 67.3 ಲಕ್ಷ ಹೆಕ್ಟೇರ್ ಎಂಬುದು ನಮ್ಮ ಕೃಷಿ ಸಂಸ್ಥೆಗಳು ಬಳಸುತ್ತಿರುವ ಲೆಕ್ಕ. ಇದರಲ್ಲಿ ಕರಾವಳಿಯ ಪಾಲು ಸುಮಾರು 12.5 ಲಕ್ಷ ಹೆಕ್ಟೇರ್.

ಇಂತಹ ಭೂಮಿಯಲ್ಲಿ ಮತ್ತೆ ಬೆಳೆ ತೆಗೆಯಲು ಈಗ ಒಂದು ಹೊಸ ದಾರಿಯ ಬಗ್ಗೆ ಹೆಚ್ಚು ಮಾತು ಕೇಳಿಬರುತ್ತಿದೆ. ಉಪ್ಪನ್ನು ಸಹಿಸಿಕೊಂಡು ಬದುಕುವ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೀಜಕ್ಕೆ ಅಥವಾ ಬೇರಿಗೆ ಹಚ್ಚಿದರೆ ಗಿಡವೂ ಉಪ್ಪನ್ನು ತಾಳಿಕೊಳ್ಳುತ್ತದೆ ಎನ್ನುವುದೇ ಆ ದಾರಿ. ಇದು ಗಾಳಿಮಾತಲ್ಲ, ಇದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಆದರೆ ವಿಜ್ಞಾನದ ಹಿಂದೆಯೇ ವ್ಯಾಪಾರವೂ ಬರುತ್ತದೆ. ಆದುದರಿಂದ ಈ ವಿಷಯವನ್ನು ನಮ್ಮ ರೈತರು, ಸ್ವಸಹಾಯ ಗುಂಪುಗಳು ಮತ್ತು ಸಮಾಜ ಸೇವೆಯಲ್ಲಿ ತೊಡಗಿರುವವರು ಸರಿಯಾಗಿ ಅರಿತುಕೊಳ್ಳುವುದು ಅಗತ್ಯ.

ಉಪ್ಪು ಗಿಡಕ್ಕೆ ಏನು ಮಾಡುತ್ತದೆ?

ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂಬುದನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಇದರ ಮಾನ ಡೆಸಿಸೀಮೆನ್ಸ್. ಮಣ್ಣಿನ ಪರೀಕ್ಷೆಯಲ್ಲಿ ಇದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಆ ಮಣ್ಣನ್ನು ಉಪ್ಪು ಮಣ್ಣು ಎಂದು ಕರೆಯುತ್ತಾರೆ. ಭತ್ತ ಅಷ್ಟನ್ನೂ ತಾಳುವ ಬೆಳೆಯಲ್ಲ. ವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕದಂತೆ, ಸಾಮಾನ್ಯ ಭತ್ತದ ಇಳುವರಿ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಏರುವ ಪ್ರತಿ ಒಂದು ಮಾನಕ್ಕೆ ಸುಮಾರು ಶೇ. 12ರಷ್ಟು ಕುಸಿಯುತ್ತದೆ. ಸಮುದ್ರದ ನೀರಿನ ವಾಹಕತೆ 50ರ ಆಸುಪಾಸಿನಲ್ಲಿದೆ ಎಂಬುದನ್ನು ನೆನಪಿಟ್ಟರೆ, ಒಂದು ದಿನ ಕಟ್ಟೆ ಒಡೆದರೆ ಏಕೆ ಗದ್ದೆ ಸುಟ್ಟಂತಾಗುತ್ತದೆ ಎಂಬುದು ಅರ್ಥವಾಗುತ್ತದೆ.

ಉಪ್ಪು ಮೂರು ಬಗೆಯಲ್ಲಿ ಗಿಡವನ್ನು ಕಾಡುತ್ತದೆ. ಮೊದಲನೆಯದಾಗಿ, ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಟ್ಟು ಮುದುಡುವುದನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಬೇರಿಗೆ ಆಗುವ ಕಷ್ಟವೂ ಅದೇ ಜಾತಿಯದು. ಎರಡನೆಯದಾಗಿ, ಸೋಡಿಯಂ ಗಿಡದೊಳಗೆ ಸೇರಿ ಪೊಟ್ಯಾಸಿಯಂನ ಜಾಗವನ್ನು ಕಿತ್ತುಕೊಳ್ಳುತ್ತದೆ. ಎಲೆಯ ತುದಿ ಒಣಗುವುದು ಇದರಿಂದ. ಮೂರನೆಯದು ಸ್ವಲ್ಪ ವಿಚಿತ್ರ. ಕಷ್ಟಕ್ಕೆ ಸಿಕ್ಕಿದ ಗಿಡ ಎಥಿಲೀನ್ ಎಂಬ ಅನಿಲವನ್ನು ತಾನೇ ಉತ್ಪಾದಿಸುತ್ತದೆ. ಬಾಳೆಗೊನೆಯನ್ನು ಹಣ್ಣಾಗಿಸುವ ಅನಿಲವೇ ಇದು. ಇದು ಹೆಚ್ಚಾದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ, ಎಲೆಗಳು ಬೇಗನೆ ಮುದಿಯಾಗುತ್ತವೆ. ಅಂದರೆ ಉಪ್ಪು ಮಾಡುವ ಹಾನಿಯ ಜೊತೆಗೆ ಗಿಡ ತನ್ನ ಗಾಬರಿಯಿಂದ ಇನ್ನಷ್ಟು ಹಾನಿ ಮಾಡಿಕೊಳ್ಳುತ್ತದೆ.

ಬೇರಿನ ನೆರೆಯವರು ಮಾಡುವ ಸಹಾಯ

ಇಲ್ಲಿಯೇ ಬ್ಯಾಕ್ಟೀರಿಯಾಗಳ ಪಾತ್ರ ಬರುವುದು. ಬೇರಿನ ಸುತ್ತಲಿನ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ವಾಸವಾಗಿವೆ. ಬೇರು ಅವುಗಳಿಗೆ ಸಕ್ಕರೆಯಂತಹ ಆಹಾರವನ್ನು ಸುರಿಸುತ್ತದೆ, ಅವು ಬೇರಿಗೆ ಬೇರೆ ಬೇರೆ ಉಪಕಾರ ಮಾಡುತ್ತವೆ.

ಎಥಿಲೀನ್ ತಯಾರಾಗಲು ಗಿಡಕ್ಕೆ ಎಸಿಸಿ ಎಂಬ ಕಚ್ಚಾವಸ್ತು ಬೇಕು. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಈ ಎಸಿಸಿಯನ್ನು ಒಡೆಯುವ ಕಿಣ್ವ ಇದೆ. ಅವು ಅದನ್ನು ತಮ್ಮ ಆಹಾರವಾಗಿ ತಿಂದು ಮುಗಿಸುತ್ತವೆ. ಕಚ್ಚಾವಸ್ತು ಕಡಿಮೆಯಾದಾಗ ಎಥಿಲೀನ್ ಕೂಡಾ ಕಡಿಮೆಯಾಗಿ ಬೇರು ಬೆಳೆಯುತ್ತಲೇ ಇರುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು 1998ರಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದರು. 2004ರಲ್ಲಿ ಗ್ಲಿಕ್ ಅವರು ಇಸ್ರೇಲಿನ ವಿಜ್ಞಾನಿಗಳ ಜೊತೆಗೂಡಿ, ಅಲ್ಲಿನ ಅರಾವ ಎಂಬ ಒಣ ಹಾಗೂ ಉಪ್ಪು ಪ್ರದೇಶದ ಮಣ್ಣಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾವನ್ನು ಟೊಮೆಟೊ ಸಸಿಗಳಿಗೆ ನೀಡಿ ಪರೀಕ್ಷಿಸಿದರು. ಉಪ್ಪು ನೀರು ಕುಡಿದ ಸಸಿಗಳಲ್ಲಿ ಬ್ಯಾಕ್ಟೀರಿಯಾ ಪಡೆದವು ಉಳಿದವುಗಳಿಗಿಂತ ಗಟ್ಟಿಯಾಗಿ ಬೆಳೆದವು.

ಇನ್ನು ಕೆಲವು ಬ್ಯಾಕ್ಟೀರಿಯಾಗಳು ಲೋಳೆಯಂತಹ ವಸ್ತುವನ್ನು ಸ್ರವಿಸಿ ಬೇರಿನ ಸುತ್ತ ಒಂದು ತೆಳು ಹೊದಿಕೆ ಮಾಡುತ್ತವೆ. ಆ ಲೋಳೆ ಸೋಡಿಯಂನ ಸ್ವಲ್ಪ ಭಾಗವನ್ನು ಅಲ್ಲಿಯೇ ಹಿಡಿದಿಡುತ್ತದೆ, ತೇವವನ್ನೂ ಉಳಿಸುತ್ತದೆ. ಬೇರನ್ನು ಬೆಳೆಸುವ ಹಾರ್ಮೋನು ಕೊಡುವವು, ಗಾಳಿಯ ಸಾರಜನಕವನ್ನು ಹಿಡಿದು ಕೊಡುವವು, ಮಣ್ಣಿನಲ್ಲಿ ಗಟ್ಟಿಯಾಗಿ ಕುಳಿತ ರಂಜಕವನ್ನು ಕರಗಿಸುವವು ಹೀಗೆ ಅವುಗಳಲ್ಲಿ ಹಲವು ಬಗೆ. ನಮ್ಮ ರೈತರಿಗೆ ಪರಿಚಿತವಾದ ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್, ಸ್ಯೂಡೋಮೋನಾಸ್‌ಗಳ ಬಳಗವೇ ಇದು. ವ್ಯತ್ಯಾಸ ಇಷ್ಟೇ: ಉಪ್ಪಿನಲ್ಲಿ ಸಾಯದೆ ಕೆಲಸ ಮಾಡುವ ತಳಿಗಳನ್ನು ಹುಡುಕಿ ತೆಗೆಯಬೇಕು.

ನಮ್ಮ ದೇಶದಲ್ಲಿ ನಡೆದ ಕೆಲಸ

ಈ ಹುಡುಕಾಟದಲ್ಲಿ ಭಾರತ ಹಿಂದೆ ಬಿದ್ದಿಲ್ಲ. ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ಕಾಡಿನಲ್ಲಿ ಉಪ್ಪು ನೀರಿನಲ್ಲಿಯೇ ಬೆಳೆಯುವ ಒಂದು ಕಾಡು ಭತ್ತ ಇದೆ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳು ಇಂತಹ ಕಾಡು ಭತ್ತದಿಂದ, ಸಾರಜನಕವನ್ನು ಹಿಡಿದಿಡುವ ಮತ್ತು ರಂಜಕವನ್ನು ಕರಗಿಸುವ ಹೊಸ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿದರು. 2004ರಲ್ಲಿ ಅದಕ್ಕೆ ಸ್ವಾಮಿನಾಥನ್ ಅವರ ಹೆಸರನ್ನೇ ಸೇರಿಸಿ 'ಸ್ವಾಮಿನಾಥನಿಯಾ ಸಾಲಿಟಾಲರನ್ಸ್' ಎಂದು ಹೆಸರಿಟ್ಟರು. ಅದೇ ವರ್ಷದ ಡಿಸೆಂಬರ್ 26ರಂದು ಸುನಾಮಿ ಬಂದು ನಾಗಪಟ್ಟಣದ ಹೊಲಗದ್ದೆಗಳಿಗೆ ಸಮುದ್ರದ ನೀರು ನುಗ್ಗಿತು. ಉಪ್ಪು ಮಣ್ಣನ್ನು ಮತ್ತೆ ಬೆಳೆಗೆ ತರುವುದು ಪ್ರಯೋಗಾಲಯದ ವಿಷಯ ಮಾತ್ರವಲ್ಲ, ಬಡವರ ಹೊಟ್ಟೆಯ ವಿಷಯ ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಉಪ್ಪು ಮಣ್ಣಿನ ಸಂಶೋಧನೆಗಾಗಿಯೇ 1969ರಲ್ಲಿ ಸ್ಥಾಪನೆಯಾದ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ. ಇದರ ಲಕ್ನೋ ಕೇಂದ್ರದ ವಿಜ್ಞಾನಿಗಳು 'ಹಾಲೋ-ಅಜೋ', 'ಹಾಲೋ-ಪಿಎಸ್‌ಬಿ' ಮತ್ತು 'ಸಿಎಸ್ಆರ್-ಬಯೋ' ಎಂಬ ಜೈವಿಕ ಗೊಬ್ಬರಗಳನ್ನು ಅಭಿವೃದ್ಧಿಪಡಿಸಿ ರೈತರ ಕೈಗೆ ತಲುಪಿಸಿದ್ದಾರೆ. ನಮ್ಮ ರಾಜ್ಯದಲ್ಲಿ ತುಂಗಭದ್ರಾ ನಾಲೆಯ ನೀರು ನಿಂತು ಚೌಳಾದ ಭೂಮಿಯ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲಕ್ನೋ ಸುತ್ತಲಿನ ಮಣ್ಣು ಸೋಡಿಯಂ ಹೆಚ್ಚಾಗಿ ಕ್ಷಾರವಾದ ಮಣ್ಣು. ಅದಕ್ಕೆ ಜಿಪ್ಸಂ ಹಾಕುತ್ತಾರೆ. ನಮ್ಮ ಪಶ್ಚಿಮ ಕರಾವಳಿಯ ಮಣ್ಣು ಮೂಲತಃ ಹುಳಿ ಗುಣದ್ದು, ಅದರ ಮೇಲೆ ಸಮುದ್ರದ ಉಪ್ಪು ಬಂದು ಕುಳಿತದ್ದು. ಅಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾ ಇಲ್ಲಿ ಬಂದು ಅದೇ ಕೆಲಸ ಮಾಡುತ್ತದೆ ಎಂದು ಪರೀಕ್ಷೆ ಮಾಡದೆ ನಂಬುವಂತಿಲ್ಲ. ನಮ್ಮ ಮಣ್ಣಿಗೆ ನಮ್ಮ ಮಣ್ಣಿನಿಂದಲೇ ತೆಗೆದ ತಳಿ ಹೆಚ್ಚು ಹೊಂದಬಹುದು. ಹಾಗಿದ್ದರೆ ಅದನ್ನು ಎಲ್ಲಿ ಹುಡುಕಬೇಕು?

ಗಜನಿ ಗದ್ದೆಗಳ ಪಾಠ

ಉತ್ತರ ದೂರವಿಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಗಜನಿ ಎಂದು ಕರೆಯುವ ಗದ್ದೆಗಳಿವೆ. ಗೋವಾದಲ್ಲಿ ಇವೇ ಖಜಾನ್, ಕೇರಳದಲ್ಲಿ ಪೊಕ್ಕಾಳಿ. ಗಜನಿಯಲ್ಲಿ ನಮ್ಮ ಹಿರಿಯರು ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾ ಬಂದರು. ಮಳೆಗಾಲದಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಬಿತ್ತಿ, ಮಳೆ ಮುಗಿಯುತ್ತಾ ಬಂದಾಗ ಕೊಯ್ಲು ಮಾಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಪ್ಪು ನೀರನ್ನು ಒಳಗೆ ಬಿಡುತ್ತಾರೆ. ಅದರ ಜೊತೆಗೆ ಬರುವ ಮೀನು, ಸಿಗಡಿ ಅವರ ಎರಡನೆಯ ಬೆಳೆ. ಮೀನಿನ ಮಲ, ಕೊಳೆತ ಹುಲ್ಲು, ಹೊಳೆ ತಂದ ಕೆಸರು ಇವೇ ಮುಂದಿನ ಕಗ್ಗಕ್ಕೆ ಗೊಬ್ಬರ. ರಾಸಾಯನಿಕ ಗೊಬ್ಬರದ ಚೀಲ ಅಲ್ಲಿ ಬೇಕಾಗಿರಲಿಲ್ಲ.

ಗೊಬ್ಬರವಿಲ್ಲದೆ, ಉಪ್ಪಿನ ನಡುವೆ, ತಲೆಮಾರುಗಳ ಕಾಲ ಒಂದು ಭತ್ತ ಬೆಳೆದು ಬಂದಿದೆ ಎಂದರೆ ಅದರ ಬೇರಿನ ಸುತ್ತಲಿನ ಜೀವಿಗಳ ಪಾಲು ಅದರಲ್ಲಿ ಇದ್ದೇ ಇರಬೇಕು. ಕಾಂಡ್ಲಾ ಕಾಡಿನ ಕೆಸರೂ ಇಂತಹ ಜೀವಿಗಳ ಭಂಡಾರ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂದು ಗುರುತಿಸಿದ್ದಾರೆ. ಹಕ್ಕಿ, ಚಿಪ್ಪು, ಮೀನುಗಳಿಗೆ ಸಿಕ್ಕ ಈ ಗೌರವದಲ್ಲಿ ಕಣ್ಣಿಗೆ ಕಾಣದ ಜೀವಿಗಳಿಗೂ ಪಾಲಿದೆ. ಕಗ್ಗದ ಬೀಜ ಅಳಿದರೆ, ಕಾಂಡ್ಲಾ ಕಡಿದರೆ, ಅವುಗಳ ಬೇರಿಗೆ ಅಂಟಿಕೊಂಡ ಜೀವಿಗಳೂ ಅಳಿಯುತ್ತವೆ. ಯಾವ ಜೀವಿ ನಾಳೆ ನಮಗೆ ಬೇಕಾಗುತ್ತದೆ ಎಂದು ಬಲ್ಲವರು ಯಾರು?

ಗಜನಿ ಕಲಿಸುವ ಇನ್ನೊಂದು ಪಾಠವೂ ಇದೆ, ಅದು ಕಹಿಯಾದದ್ದು. ಗಜನಿ ಗದ್ದೆಗಳು ಹಾಳಾದದ್ದು ಬ್ಯಾಕ್ಟೀರಿಯಾ ಇಲ್ಲದ ಕಾರಣಕ್ಕಲ್ಲ. ಹಿಂದೆ ಕಟ್ಟೆಯ ಕೆಲಸ ಊರಿನವರೆಲ್ಲರ ಕೆಲಸವಾಗಿತ್ತು. ಆಮೇಲೆ ಸರ್ಕಾರ ಖಾರ್‌ಲ್ಯಾಂಡ್ ಕಟ್ಟೆಗಳನ್ನು ಕಟ್ಟಿತು, ಊರಿನವರ ಜವಾಬ್ದಾರಿ ಸಡಿಲವಾಯಿತು. ಅನಂತರ ಸಿಗಡಿ ಕೃಷಿಯ ಅಲೆ ಬಂತು. ಗದ್ದೆಗಳನ್ನು ಗುತ್ತಿಗೆಗೆ ಪಡೆದವರಿಗೆ ವರ್ಷವಿಡೀ ಉಪ್ಪು ನೀರು ಬೇಕಾಗಿತ್ತು, ಭತ್ತ ಬೆಳೆಯುವವರಿಗೆ ಮಳೆಗಾಲದಲ್ಲಿ ಸಿಹಿ ನೀರು ಬೇಕಾಗಿತ್ತು. ಒಂದೇ ಬಾಗಿಲು, ಎರಡು ಆಸೆ. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೊಳಗಳ ವಿರುದ್ಧ ಕಠಿಣ ತೀರ್ಪು ನೀಡಿತು. ಅಷ್ಟು ಹೊತ್ತಿಗೆ ಅನೇಕ ಗದ್ದೆಗಳು ಭತ್ತವನ್ನೂ ಕಳೆದುಕೊಂಡಿದ್ದವು. ಈ ಗಾಯಕ್ಕೆ ಯಾವ ಬ್ಯಾಕ್ಟೀರಿಯಾವೂ ಮದ್ದಲ್ಲ.

ಮಾರುಕಟ್ಟೆಯ ಭರವಸೆಗಳು

ಈಗ ವ್ಯಾಪಾರದ ವಿಷಯಕ್ಕೆ ಬರೋಣ. ಜೈವಿಕ ಗೊಬ್ಬರಗಳನ್ನು ಕೇಂದ್ರ ಸರ್ಕಾರ 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದಿತು. ಇದರಂತೆ ಅಜೋಸ್ಪಿರಿಲಂನಂತಹ ಜೈವಿಕ ಗೊಬ್ಬರ ಪುಡಿ ರೂಪದಲ್ಲಿದ್ದರೆ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ದ್ರವ ರೂಪದಲ್ಲಿದ್ದರೆ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಇರಬೇಕು. ಗಿಡಕ್ಕೆ ಚೈತನ್ಯ ಕೊಡುತ್ತವೆ ಎಂದು ಹೇಳಿಕೊಳ್ಳುವ 'ಬಯೋಸ್ಟಿಮ್ಯುಲೆಂಟ್'ಗಳು 2021ರಲ್ಲಿ ಮಾತ್ರ ಈ ನಿಯಮದ ಒಳಗೆ ಬಂದವು. ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು 2025ರ ಜುಲೈಯಲ್ಲಿ ಹೇಳಿದಂತೆ, ಹಿಂದೆ ಸುಮಾರು 30,000 ಇಂತಹ ಉತ್ಪನ್ನಗಳು ಯಾವ ತಡೆಯೂ ಇಲ್ಲದೆ ಮಾರಾಟವಾಗುತ್ತಿದ್ದವು. ಬಳಿಕವೂ ಸುಮಾರು 8,000 ಚಲಾವಣೆಯಲ್ಲಿದ್ದವು. ಬಿಗಿ ಮಾಡಿದ ಮೇಲೆ ಉಳಿದದ್ದು ಸುಮಾರು 650.

ಈ ಅಂಕಿಗಳು ಏನು ಹೇಳುತ್ತವೆ? ಅಂಗಡಿಯ ಕಪಾಟಿನಲ್ಲಿದ್ದ ಬಹುಪಾಲು ಬಾಟಲಿಗಳು ಪರೀಕ್ಷೆಯ ಬಾಗಿಲನ್ನು ದಾಟಿ ಒಳಗೆ ಬರಲಿಲ್ಲ ಎಂದು. ಅವುಗಳಿಗೆ ಹಣ ಕೊಟ್ಟವರು ಯಾರು? ಸಾಲ ಮಾಡಿ ಬೆಳೆ ಇಡುವ ಸಣ್ಣ ರೈತರೇ ಅಲ್ಲವೇ? ಉಪ್ಪು ಗದ್ದೆಯ ರೈತ ಈಗಾಗಲೇ ಸೋತವನು. ಸೋತವನಿಗೆ ಭರವಸೆ ಮಾರುವುದು ಸುಲಭ.

ಒಳ್ಳೆಯ ಬಾಟಲಿಗೂ ಅದರದೇ ಮಿತಿಗಳಿವೆ. ಬ್ಯಾಕ್ಟೀರಿಯಾ ಜೀವಂತ ವಸ್ತು. ಬಿಸಿಲಿನಲ್ಲಿಟ್ಟರೆ ಸಾಯುತ್ತದೆ, ಅವಧಿ ಮುಗಿದರೆ ಸಾಯುತ್ತದೆ, ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಸಾಯಬಹುದು. ಕುಂಡದ ಮಣ್ಣಿನಲ್ಲಿ ಗೆದ್ದ ಬ್ಯಾಕ್ಟೀರಿಯಾ ಗದ್ದೆಯಲ್ಲಿ ಗೆಲ್ಲಬೇಕೆಂದಿಲ್ಲ. ಅಲ್ಲಿ ಮೊದಲೇ ನೆಲೆಸಿರುವ ಕೋಟ್ಯಂತರ ಜೀವಿಗಳ ಜೊತೆ ಅದು ಸೆಣಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಕ್ಟೀರಿಯಾ ಗದ್ದೆಯಿಂದ ಉಪ್ಪನ್ನು ಹೊರಗೆ ಹಾಕುವುದಿಲ್ಲ. ಗಿಡಕ್ಕೆ ಉಪ್ಪನ್ನು ತಾಳುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುತ್ತದೆ, ಅಷ್ಟೇ. ಉಪ್ಪನ್ನು ಹೊರಗೆ ಹಾಕುವುದು ಮಳೆ ನೀರು, ಮತ್ತು ಆ ನೀರು ಹರಿದು ಹೋಗಲು ನಾವು ಮಾಡುವ ದಾರಿ.

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಭತ್ತ ಉಪ್ಪಿಗೆ ಅತಿ ಬೇಗ ಬಾಡುವುದು ಎಳೆಯ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ನಮ್ಮಲ್ಲಿ ನಡುಮಳೆಗಾಲದಲ್ಲಿ ಕೆಲವು ದಿನ ಮಳೆ ಕೈಕೊಡುವುದುಂಟು. ಆಗ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ. ಮಳೆ ಬೇಗ ಹಿಂದೆ ಸರಿದ ವರ್ಷ ತೆನೆ ಕಟ್ಟುವಾಗಲೂ ಹೀಗೆಯೇ. ಅಂತಹ ಕೆಲವು ದಿನಗಳನ್ನು ದಾಟಲು ಬೇರಿಗೆ ಸಿಗುವ ಸಣ್ಣ ಆಸರೆ ದೊಡ್ಡ ವ್ಯತ್ಯಾಸ ಮಾಡಬಲ್ಲದು. ಕಟ್ಟೆ ಸರಿಯಿದ್ದು, ಬೀಜ ತಾಳುವ ತಳಿಯಾಗಿದ್ದು, ನೀರು ಹರಿದು ಹೋಗುವ ಗದ್ದೆಗೆ ಬ್ಯಾಕ್ಟೀರಿಯಾ ಒಳ್ಳೆಯ ಜೊತೆಗಾರ. ಇವು ಯಾವುವೂ ಇಲ್ಲದ ಗದ್ದೆಗೆ ಅದು ಖರ್ಚಿನ ಇನ್ನೊಂದು ಬಾಬತ್ತು ಮಾತ್ರ.

ನಾವು ಏನು ಮಾಡಬಹುದು?

ಮೊದಲು ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡಿಸಬೇಕು. ಮಂಗಳೂರು, ಬ್ರಹ್ಮಾವರ ಮತ್ತು ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಎಷ್ಟು ಉಪ್ಪಿದೆ, ಮಣ್ಣು ಹುಳಿಯೋ ಕ್ಷಾರವೋ ಎಂದು ತಿಳಿಯದೆ ಯಾವ ಮದ್ದನ್ನೂ ಕೊಳ್ಳಬಾರದು.

ಎರಡನೆಯದಾಗಿ, ಜೈವಿಕ ಗೊಬ್ಬರ ಕೊಳ್ಳುವಾಗ ಜೀವಿಯ ಹೆಸರು, ಕೋಶಗಳ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ನೋಡಬೇಕು, ಬಿಲ್ಲು ಕೇಳಿ ಪಡೆಯಬೇಕು. ಪುಡಿಯಾದರೆ ಸಾಮಾನ್ಯವಾಗಿ 200 ಗ್ರಾಂ ಪೊಟ್ಟಣವನ್ನು ಸುಮಾರು 10 ಕಿಲೋ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಒಣಗಿಸಿ ಬಿತ್ತುತ್ತಾರೆ. ನೇಜಿಯಾದರೆ ಬೇರನ್ನು ಅರ್ಧ ಗಂಟೆ ಅದ್ದಿ ನೆಡುತ್ತಾರೆ.

ಮೂರನೆಯದಾಗಿ, ಇಡೀ ಗದ್ದೆಗೆ ಒಮ್ಮೆಲೇ ಹಾಕುವುದು ಬೇಡ. ಒಂದೇ ಗದ್ದೆಯಲ್ಲಿ ಎರಡು ಪಟ್ಟಿ ಮಾಡಿ, ಒಂದಕ್ಕೆ ಹಾಕಿ, ಇನ್ನೊಂದನ್ನು ಹಾಗೆಯೇ ಬಿಡಬೇಕು. ಕೊಯ್ಲಿನ ದಿನ ಎರಡನ್ನೂ ಬೇರೆ ಬೇರೆಯಾಗಿ ತೂಕ ಮಾಡಿದರೆ ಸತ್ಯ ತಾನಾಗಿಯೇ ಗೊತ್ತಾಗುತ್ತದೆ. ಇದಕ್ಕೆ ವಿಜ್ಞಾನಿ ಬೇಕಾಗಿಲ್ಲ, ಒಂದು ತಕ್ಕಡಿ ಸಾಕು. ನಮ್ಮ ಸ್ವಸಹಾಯ ಗುಂಪುಗಳು ಐದಾರು ಗದ್ದೆಗಳಲ್ಲಿ ಹೀಗೆ ಮಾಡಿ ಲೆಕ್ಕ ಬರೆದಿಟ್ಟರೆ ಇಡೀ ಊರಿಗೆ ಉಪಕಾರವಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಕಟ್ಟೆ ಮತ್ತು ಬಾಗಿಲಿನ ವಿಷಯದಲ್ಲಿ ಊರು ಒಂದಾಗಬೇಕು. ಉಪ್ಪು ನೀರಿಗೆ ಜಾತಿ, ಮತ, ಪಕ್ಷದ ಗಡಿ ತಿಳಿಯದು. ಒಬ್ಬನ ಗದ್ದೆಯ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಅದು ಬರುತ್ತದೆ. ಮಳೆಗಾಲಕ್ಕೆ ಮೊದಲು ಕಟ್ಟೆ ನೋಡುವುದು, ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಸಮಯಕ್ಕೆ ಸರಿಯಾಗಿ ಹಾಕುವುದು ಮತ್ತು ತೆಗೆಯುವುದು, ಇಲಾಖೆಯವರು ಕೆಲಸ ಮಾಡುವಾಗ ಗದ್ದೆಯ ಯಜಮಾನರ ಜೊತೆಗೆ ಗೇಣಿಯವರನ್ನೂ ಕೂಲಿಯವರನ್ನೂ ಕೇಳುವಂತೆ ಮಾಡುವುದು ಇವೆಲ್ಲ ಗ್ರಾಮ ಸಭೆಯಲ್ಲಿ ಎತ್ತಬೇಕಾದ ವಿಷಯಗಳು. ಕಗ್ಗದಂತಹ ಬೀಜವನ್ನು ಉಳಿಸಿದ ಮನೆಗಳು ಎಲ್ಲಿಯಾದರೂ ಇದ್ದರೆ ಅವರಿಂದ ಒಂದು ಸೇರು ಪಡೆದು ಬೆಳೆಸುವುದೂ ಆಗಬೇಕು.

ಪ್ರತಿ ವರ್ಷ ಸೆಪ್ಟೆಂಬರ್ 8ರಂದು ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ, ಹೊಸ ಅಕ್ಕಿಯ ಊಟ ಮಾಡುತ್ತೇವೆ. ಆ ತೆನೆ ಇಂದು ಎಷ್ಟು ಧರ್ಮಕೇಂದ್ರಗಳಲ್ಲಿ ಸ್ವಂತ ಊರಿನ ಗದ್ದೆಯಿಂದ ಬರುತ್ತಿದೆ ಎಂದು ಒಮ್ಮೆ ಕೇಳಿ ನೋಡಬಹುದು. ಹಡಿಲು ಬಿದ್ದ ಬೈಲಿನಲ್ಲಿ ಒಂದೆರಡು ಗದ್ದೆಯನ್ನಾದರೂ ಮತ್ತೆ ಹಸಿರು ಮಾಡುವುದಕ್ಕೆ ವಿಜ್ಞಾನ ಈಗ ಒಂದು ಸಣ್ಣ ಸಹಾಯ ಕೊಟ್ಟಿದೆ. ಆ ಸಹಾಯವನ್ನು ಜಾಣತನದಿಂದ ಬಳಸೋಣ. ಬರುವ ಬಿತ್ತನೆಗೆ ಮುಂಚೆ, ಬಾಟಲಿ ಕೊಳ್ಳುವ ಮೊದಲು, ಎಲ್ಲರೂ ಸೇರಿ ಕಟ್ಟೆಯನ್ನು ಒಮ್ಮೆ ನೋಡಿ ಬರೋಣ.